ಕಲ್ಲಿನ ಊರು, ಬಟ್ಟೆಯ ಊರು

ಮಳೆಗಾಲದಲ್ಲಿ ಪ್ರವಾಸ ಹೊರಟವರನ್ನು ಕಂಡರೆ ಬೇರೆ ಊರುಗಳಲ್ಲಿ ಜನ ಮರುಗುತ್ತಾರೆ, ವಿಜಯಪುರದಲ್ಲಿ ಹಾಗಲ್ಲ. ಬಿಸಿಲಿಗೂ ಬರಕ್ಕೂ ಹೆಸರಾದ ಆ ಸೀಮೆಯಲ್ಲಿ ಮಳೆಯೇ ಅಪರೂಪದ ಅತಿಥಿ. ಅದರ ಜೊತೆಯಲ್ಲಿ ಬಂದವರಿಗೂ ಅಲ್ಲಿ ಅರ್ಧ ಮರ್ಯಾದೆ ಸಲ್ಲುತ್ತದೆ. ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಬೆಳಗ್ಗೆ, ಕೊಡೆ ಬಿಚ್ಚಲೋ ಬೇಡವೋ ಎಂಬ ಜಿಟಿಜಿಟಿ ಮಳೆಯಲ್ಲಿ, ಬ್ಯಾಂಕೊಂದರ ನೌಕರರೊಬ್ಬರು ಬಾಡಿಗೆಯ ಕಾರಿನಲ್ಲಿ ತಮ್ಮ ತಾಯಿ, ಮಡದಿ ಹಾಗೂ ಹನ್ನೆರಡು ವರ್ಷದ ಮಗನನ್ನು ಕೂಡಿಸಿಕೊಂಡು ಊರು ನೋಡಲು ಹೊರಟಾಗ, ಕಾರಿನ ಚಾಲಕನು, "ಛಲೋ ದಿನಾ ಆರಿಸೀರಿ ಸಾಹೇಬ್ರ" ಎಂದುದರಲ್ಲಿ ವ್ಯಂಗ್ಯದ ಲೇಶವೂ ಇರಲಿಲ್ಲ.

ಅವರು ವಿಜಯಪುರಕ್ಕೆ ಹೊಸಬರೇನಲ್ಲ. ಮೂರು ವರ್ಷ ಅಲ್ಲಿದ್ದವರು. ಇದ್ದಷ್ಟು ದಿನವೂ ಮುಂದಿನ ವಾರ ನೋಡಿದರಾಯಿತು ಎಂದುಕೊಂಡು, ವರ್ಗಾವಣೆಯ ಆಜ್ಞೆ ಕೈಗೆ ಬಂದ ಮೇಲೆ ನೋಡಲು ಹೊರಟಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಇದು ಏಳನೆಯ ಬಾಡಿಗೆ ಮನೆ. ಆದರೆ ಈ ಸಲದ ಆಜ್ಞೆ ಮನೆಯಲ್ಲಿ ಹಿಂದೆಂದೂ ಇಲ್ಲದ ಒಂದು ಮೌನವನ್ನು ತಂದಿತ್ತು. ಊರ ಪಶ್ಚಿಮಕ್ಕೆ, ಅಥಣಿಯ ರಸ್ತೆಯಲ್ಲಿ, ಗೃಹಿಣಿ ಒಂದು ನಿವೇಶನವನ್ನು ನೋಡಿಟ್ಟಿದ್ದರು. ಸಾಲ ತೆಗೆದು ಅಲ್ಲಿ ಮನೆ ಕಟ್ಟಿಸುವುದು. ಅತ್ತೆ, ತಾನು, ಮಗ ಇಲ್ಲಿಯೇ ನಿಲ್ಲುವುದು. ಯಜಮಾನರು ಒಬ್ಬರೇ ಹೊಸ ಊರಿಗೆ ಹೋಗಿ ತಿಂಗಳಿಗೊಮ್ಮೆ ಬಂದು ಹೋಗುವುದು. ಇದು ಅವರ ಯೋಜನೆ. ಯಜಮಾನರು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ. ಸೋಮವಾರದೊಳಗೆ ಮಾತು ಮುಗಿಯಬೇಕಾಗಿತ್ತು.

ಗೋಳಗುಮ್ಮಟದ ಒಳಗೆ ಮಳೆಯ ದಿನ ಬೆಳಕು ಕಡಮೆ. ಅದರಿಂದಲೇ ಅದರ ವಿಸ್ತಾರ ಇಮ್ಮಡಿಯಾಗಿ ತೋರುತ್ತದೆ. ಮಹಮ್ಮದ್ ಆದಿಲ್‌ಶಾಹನು 1627ರಿಂದ 1656ರವರೆಗೆ ಆಳಿದನು. ಆಳುತ್ತಿದ್ದಾಗಲೇ ತನ್ನ ಗೋರಿಯನ್ನು ಕಟ್ಟಿಸಿಕೊಂಡನು. ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಡ್ಡಳತೆಯ ಗುಮ್ಮಟ. ಅದನ್ನು ಹೊರಲು ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಛೇದಿಸಿಕೊಂಡು ಹೋಗುವ ಕಮಾನುಗಳು ಆ ಭಾರವನ್ನು ನಾಲ್ಕು ಗೋಡೆಗಳಿಗೆ ಹಂಚಿಕೊಡುತ್ತವೆ. ಮೂಲೆಯ ಗೋಪುರದ ಮೆಟ್ಟಿಲುಗಳನ್ನು ಹತ್ತಿ ಮೇಲಿನ ಪಡಸಾಲೆಯಲ್ಲಿ ನಿಂತು ಹುಡುಗ ಕೂಗಿದ ಒಂದು ಕೂಗು, ಹೋಗಲು ಮನಸ್ಸಿಲ್ಲದ ನೆಂಟನಂತೆ, ಮತ್ತೆ ಮತ್ತೆ ತಿರುಗಿ ಬಂದಿತು. ಕೆಳಗೆ ಕುಳಿತಿದ್ದ ಅಜ್ಜಿ, "ಇಷ್ಟು ದೊಡ್ಡ ಸೂರಿನ ಕೆಳಗೆ ಒಲೆ ಹೂಡುವ ಜಾಗವೇ ಇಲ್ಲವಲ್ಲ!" ಎಂದರು. ಗೋರಿಯಲ್ಲಿ ಒಲೆ ಏಕಿರಬೇಕು? ಆದರೂ ಮಾತಿನಲ್ಲಿ ಒಂದು ತಥ್ಯವಿತ್ತು.

ಮಗನ ಆದಿಲ್‌ಶಾಹನ ಪಾಲಿಗೆ ಸೂರು ಕೂಡ ದೊರೆಯಲಿಲ್ಲ. 1656ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಅಲಿ ಆದಿಲ್‌ಶಾಹನು ತಂದೆಯನ್ನು ಮೀರಿಸುವ ಸಮಾಧಿಯನ್ನು ಕಟ್ಟಿಸಲು ಹೊರಟನು. 1672ರಲ್ಲಿ ಅವನು ತೀರಿಕೊಂಡಾಗ ಕೆಲಸ ಕಮಾನುಗಳ ಮಟ್ಟಕ್ಕೆ ಬಂದು ನಿಂತಿತ್ತು, ಮುಂದೆ ಏಳಲಿಲ್ಲ. ಬಾರಾಕಮಾನ್ ಎಂದು ಜನ ಕರೆಯುವ ಆ ಕರಿಗಲ್ಲಿನ ಕಮಾನುಗಳ ನಡುವೆ ಆ ಭಾನುವಾರ ಮಳೆ ನೇರವಾಗಿ ಗೋರಿಯ ಮೇಲೆ ಬೀಳುತ್ತಿತ್ತು. ಗೃಹಿಣಿ ಬಹಳ ಹೊತ್ತು ನೋಡಿ, "ಸಾಲ ಸಾಲದೆ ಹೋಯಿತೇನೋ ಪಾಪ" ಎಂದರು. ಯಜಮಾನರು ನಕ್ಕರು, ಆ ವಾರದಲ್ಲಿ ಅದೇ ಮೊದಲ ನಗು.

ಆದಿಲ್‌ಶಾಹಿಗಳು ಕಲ್ಲನ್ನು ನಂಬಿದವರು. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆ, ಅದರ ಬುರುಜುಗಳು, ಅವುಗಳಲ್ಲೊಂದರ ಮೇಲೆ ಮಲಿಕ್-ಎ-ಮೈದಾನ್ ಎಂಬ 55 ಟನ್ನಿನ ತೋಪು. ಇವುಗಳ ಎದುರಿಗೆ 1685ರ ವಸಂತದಲ್ಲಿ ಬಂದು ನಿಂತದ್ದು ಇನ್ನೊಂದು ಕೋಟೆಯಲ್ಲ. ಡೇರೆಗಳ ಒಂದು ಊರು. ಔರಂಗಜೇಬನ ಮಗ ಆಜಂ ಶಾಹನು ಮುತ್ತಿಗೆ ಹಾಕಿದನು. ವರ್ಷವಾದರೂ ಕೋಟೆ ಬೀಳದಿರಲು, 1686ರ ಜುಲೈಯಲ್ಲಿ ಬಾದಶಹನೇ ಸೊಲ್ಲಾಪುರದ ಕಡೆಯಿಂದ ಬಂದು ರಸೂಲಪುರದಲ್ಲಿ ಬೀಡುಬಿಟ್ಟನು. ಆ ವರ್ಷ ಮಳೆಯೂ ಕೈಕೊಟ್ಟಿತು. ಕೋಟೆಯ ಒಳಗೂ ಹೊರಗೂ ಹಸಿವು ಒಂದೇ ಸಮನಾಗಿ ತಿರುಗಾಡಿತು. ಸೆಪ್ಟೆಂಬರ್ 12ರಂದು ಕೊನೆಯ ಸುಲ್ತಾನ ಸಿಕಂದರನು ಕೋಟೆಯಿಂದ ಹೊರಟು ಬಾದಶಹನ ಡೇರೆಗೆ ಬಂದು ತಲೆಬಾಗಿದನು. ನಾಲ್ಕನೆಯ ವಯಸ್ಸಿಗೆ ಪಟ್ಟವೇರಿದ ಆತನಿಗೆ ಆಗ ಹದಿನೆಂಟು ವರ್ಷ. ಬಟ್ಟೆಯ ಊರು ಕಲ್ಲಿನ ಊರನ್ನು ಗೆದ್ದಿತು. ಗೆದ್ದ ಸಂಗತಿಯನ್ನು ಔರಂಗಜೇಬನು ಮಲಿಕ್-ಎ-ಮೈದಾನಿನ ಮೈಮೇಲೆಯೇ ಕೆತ್ತಿಸಿದನು. ಅದು ಇಂದಿಗೂ ಇದೆ.

ಡೇರೆಯ ಜನರಿಗೂ ಮೊಗಲರಿಗೂ ಇರುವ ನಂಟು ಹಳೆಯದು. 'ಮೊಗಲ' ಎಂಬ ಮಾತೇ 'ಮಂಗೋಲ' ಎಂಬುದರ ಪಾರಸಿ ರೂಪ. ಬಾಬರನು ತಂದೆಯ ಕಡೆಯಿಂದ ತೈಮೂರನ ವಂಶದವನು, ತಾಯಿಯ ಕಡೆಯಿಂದ ಚಂಗೀಸಖಾನನ ವಂಶದವನು. ಮಂಗೋಲರ ಮನೆಗೆ 'ಗೇರ್' ಎಂದು ಹೆಸರು. ವಿಲೋ ಮರದ ಕಡ್ಡಿಗಳನ್ನು ಜಾಲರಿಯಾಗಿ ಹೆಣೆದು ದುಂಡಗೆ ನಿಲ್ಲಿಸಿ, ಅದರ ಮೇಲೆ ಕೊಡೆಯ ಕಡ್ಡಿಗಳಂತೆ ಗಳುಗಳನ್ನು ನೆತ್ತಿಯ ಬಳೆಗೆ ಸಿಕ್ಕಿಸಿ, ಕುರಿಯ ಉಣ್ಣೆಯನ್ನು ನೆನೆಸಿ ಬಡಿದು ಉರುಳಿಸಿ ಮಾಡಿದ ದಪ್ಪ ಹಾಸನ್ನು ಹೊದಿಸಿದರೆ ಮನೆ ಸಿದ್ಧ. ಬಾಗಿಲು ದಕ್ಷಿಣಕ್ಕೆ, ಒಲೆ ನಟ್ಟನಡುವೆ, ಹೊಗೆ ನೆತ್ತಿಯ ಬಳೆಯಿಂದ ಹೊರಕ್ಕೆ. ಮಳೆ ಬಂದರೆ ಆ ಬಳೆಯ ಮೇಲೆ ಒಂದು ಮಡಿಕೆ ಎಳೆದರಾಯಿತು. ಕಟ್ಟಲು ಬಿಚ್ಚಲು ಒಂದೆರಡು ಗಂಟೆ ಸಾಕು. ಮಂಗೋಲರು ಕಲ್ಲಿನ ರಾಜಧಾನಿಯನ್ನು ಕಟ್ಟದೆ ಇರಲಿಲ್ಲ. 1235ರಲ್ಲಿ ಒಗೊದೈ ಖಾನನು ಕಾರಕೋರಂಗೆ ಗೋಡೆ ಹಾಕಿಸಿದನು. 1254ರಲ್ಲಿ ಅದನ್ನು ಕಂಡ ಯುರೋಪಿನ ಸಂನ್ಯಾಸಿ ರೂಬ್ರುಕನಿಗೆ ಖಾನನ ಅರಮನೆಯನ್ನು ಬಿಟ್ಟರೆ ಊರು ಅಂಥ ದೊಡ್ಡದೇನೂ ಅಲ್ಲವೆನಿಸಿತು. 1388ರಲ್ಲಿ ಚೀನದ ಸೈನ್ಯ ಅದನ್ನು ಹಾಳುಗೆಡವಿತು. ಅದರ ಕಲ್ಲುಗಳು 1585ರಲ್ಲಿ ಎರ್ದೆನ್ ಜೂ ಎಂಬ ಬೌದ್ಧ ವಿಹಾರದ ಗೋಡೆಗೆ ಸೇರಿದವು. ಕಲ್ಲಿನ ಊರು ಹೋಯಿತು, ಉಣ್ಣೆಯ ಮನೆ ಉಳಿಯಿತು. ಈಗ ಕಾರಕೋರಂ ನೋಡಹೋದ ಪ್ರವಾಸಿಗಳು ರಾತ್ರಿ ಮಲಗುವುದು ಗೇರುಗಳಲ್ಲಿಯೇ. ಇನ್ನೊಂದು ವಿಚಿತ್ರವುಂಟು. ಗೋಳಗುಮ್ಮಟ ಮೇಲೇಳುತ್ತಿದ್ದ ಕಾಲದಲ್ಲಿಯೇ, 1639ರಲ್ಲಿ, ಮಂಗೋಲಿಯದಲ್ಲಿ ಡೇರೆಗಳ ಒಂದು ಮಠ ಹುಟ್ಟಿತು. ಅದು ಇಪ್ಪತ್ತಕ್ಕೂ ಹೆಚ್ಚು ಸಲ ಜಾಗ ಬದಲಿಸಿ, 1778ರಲ್ಲಿ ಒಂದೆಡೆ ನೆಲೆನಿಂತು, ಬೆಳೆದು ಇಂದಿನ ರಾಜಧಾನಿ ಉಲಾನ್‌ಬಾತರ್ ಆಯಿತು.

ಕಾರು ಪಶ್ಚಿಮಕ್ಕೆ ತಿರುಗಿ ತೊರವಿಯ ದಾರಿ ಹಿಡಿಯಿತು. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ತೊರವೆ ಇದೇ. ಇಲ್ಲಿಯೇ 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ಸಂಗೀತಕ್ಕೆಂದೇ ನವರಸಪುರವೆಂಬ ಹೊಸ ನಗರವನ್ನು ತೊಡಗಿದನು. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಮಾಡಿತು. ಇಪ್ಪತ್ತೈದು ವರ್ಷದ ಆಯುಸ್ಸು. ಒಬ್ಬ ನೌಕರನ ಸೇವಾವಧಿಗಿಂತ ಕಡಮೆ. ಈ ತೊರವಿಯಿಂದಲೇ ನೆಲದಡಿಯ ಸುರಂಗದಲ್ಲಿ ವಿಜಯಪುರಕ್ಕೆ ಕುಡಿಯುವ ನೀರು ಹರಿಯುತ್ತಿತ್ತು. ಸುಲ್ತಾನರು ಗುಮ್ಮಟ ಕಟ್ಟಿದ್ದನ್ನು ಜನ ನೋಡುತ್ತಾರೆ, ನೀರು ತಂದದ್ದನ್ನು ನೋಡುವುದಿಲ್ಲ. ನಿವೇಶನ ಬಂದಾಗ ಗೃಹಿಣಿ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದರು. ನಾಲ್ಕು ಮೂಲೆಯ ಕಲ್ಲುಗಳ ನಡುವೆ ಕೆಂಪು ನೀರು ನಿಂತಿತ್ತು. ಯಾರೂ ಮಾತಾಡಲಿಲ್ಲ.

ತಿಕೋಟ ದ್ರಾಕ್ಷಿಯ ಊರು. ದ್ರಾಕ್ಷಿಯ ಚಪ್ಪರಗಳು ಮಳೆಯಲ್ಲಿ ತೊಯ್ದು ಹಸುರೇರಿದ್ದವು. ಬೇಸಗೆಯಲ್ಲಿ ಹಣ್ಣನ್ನು ನೆರಳಿನ ಚಪ್ಪರಗಳಲ್ಲಿ ಅಂತಸ್ತು ಅಂತಸ್ತಾಗಿ ಹರವಿ ಒಣದ್ರಾಕ್ಷಿ ಮಾಡುತ್ತಾರೆ. ಆಗ ಬೀಳುವ ಒಂದು ಅಕಾಲದ ಮಳೆ ವರ್ಷದ ದುಡಿಮೆಯನ್ನು ಕಪ್ಪಾಗಿಸಿಬಿಡುತ್ತದೆ. ಮಳೆ ಬೇಕು, ಆದರೆ ಅದರ ದಿನಕ್ಕೆ ಬೇಕು. ತಿಕೋಟದಲ್ಲಿ ಚಹಾ ಕುಡಿದು ಬಬಲೇಶ್ವರದ ಕಡೆಗೆ ಹೊರಟಾಗ ಯಜಮಾನರು ಗಲಗಲಿಯ ಮಾತೆತ್ತಿದರು. ಬಬಲೇಶ್ವರವನ್ನು ದಾಟಿ ಮುಂದೆ ಹೋದರೆ ಕೃಷ್ಣೆಯ ದಂಡೆಯ ಮೇಲೆ ಆ ಊರು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. "ಅಲ್ಲಿ ನೋಡಲು ಏನಿದೆ?" ಎಂದು ಹುಡುಗ ಕೇಳಿದನು. "ಏನೂ ಇಲ್ಲ. ಅದೇ ನೋಡಬೇಕಾದದ್ದು" ಎಂದರು ತಂದೆ.

ವಿಜಯಪುರವನ್ನು ಗೆದ್ದ ಔರಂಗಜೇಬನಿಗೆ ಮನೆಗೆ ಹೋಗುವುದು ಸಾಧ್ಯವಾಗಲಿಲ್ಲ. 1679ರಲ್ಲಿ ದಿಲ್ಲಿಯನ್ನು ಬಿಟ್ಟವನು ಮತ್ತೆ ಅದನ್ನು ಕಾಣಲಿಲ್ಲ. 1690ರ ದಶಕದ ಮೊದಲ ಭಾಗದಲ್ಲಿ ಅವನ ದರಬಾರು ಹಲವು ಕಾಲ ಗಲಗಲಿಯಲ್ಲಿಯೇ ಬೀಡುಬಿಟ್ಟಿತ್ತು. ಹಿಂದೂಸ್ಥಾನದ ಬಹುಭಾಗವನ್ನು ಆಳುವ ಆಜ್ಞೆಗಳು ಕೃಷ್ಣೆಯ ತೀರದ ಒಂದು ಹಳ್ಳಿಯಿಂದ ಹೊರಡುತ್ತಿದ್ದವು ಎಂದರೆ ಇಂದು ನಂಬುವುದು ಕಷ್ಟ. 1695ರ ಮಾರ್ಚಿಯಲ್ಲಿ ಗೋವೆಯಿಂದ ಅಲ್ಲಿಗೆ ಬಂದ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ತಾನು ಕಂಡುಕೇಳಿದ್ದನ್ನು ಬರೆದಿಟ್ಟಿದ್ದಾನೆ. ಮೂವತ್ತು ಮೈಲಿ ಸುತ್ತಳತೆಯ ಡೇರೆಗಳ ಊರು, 60,000 ಕುದುರೆ ಸವಾರರು, ಒಂದು ಲಕ್ಷ ಕಾಲಾಳು, 50,000 ಒಂಟೆ, 3,000 ಆನೆ, 250 ಪೇಟೆಗಳು. ಪ್ರವಾಸಿಯ ಲೆಕ್ಕವನ್ನು ಕೊಂಚ ಜರಡಿ ಹಿಡಿದರೂ ಉಳಿಯುವುದು ಸಣ್ಣದಲ್ಲ. ಇದರ ನಡುವೆ ಕೋಲೂರಿಕೊಂಡು ಬಂದ ಮುದುಕನನ್ನು ಅವನು ಕಂಡನು: ಕುಳ್ಳನೆಯ ಮೈ, ದೊಡ್ಡ ಮೂಗು, ಬಾಗಿದ ಬೆನ್ನು, ಬಿಳಿಯ ಗಡ್ಡ. ಅರ್ಜಿಗಳನ್ನು ಕನ್ನಡಕವಿಲ್ಲದೆ ಓದಿ ತಾನೇ ಷರಾ ಬರೆಯುತ್ತಿದ್ದನು.

ಇಂಥ ಬೀಡಿಗೂ ಒಂದು ಕ್ರಮವಿತ್ತು. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ ಅದರ ಲೆಕ್ಕ ಸಿಗುತ್ತದೆ. ಒಂದು ಬೀಡಿನ ಸಾಮಾನು ಹೊರಲು 100 ಆನೆ, 500 ಒಂಟೆ, 400 ಗಾಡಿ; ಡೇರೆ ಹೂಡಲು ಸಾವಿರ ಆಳು. ಡೇರೆಗಳು ಎರಡು ಜೊತೆ. ಬಾದಶಹನು ಒಂದರಲ್ಲಿ ಮಲಗಿದ್ದಾಗ ಇನ್ನೊಂದು ಮುಂದಿನ ತಂಗುದಾಣದಲ್ಲಿ ಏಳುತ್ತಿತ್ತು. ನಲವತ್ತು ಗಜದ ಕಂಬದ ತುದಿಯಲ್ಲಿ ಆಕಾಶದೀಪ. ಕತ್ತಲಲ್ಲಿ ದಾರಿ ತಪ್ಪಿದವನು ಅದನ್ನು ನೋಡಿ ತನ್ನ ಬಿಡಾರವನ್ನು ಗುರುತಿಸಿಕೊಳ್ಳಬೇಕು. ತುರ್ಕಿಯಲ್ಲಿ ಬೀಡಿಗೆ 'ಓರ್ದು' ಎಂದು ಹೆಸರು. ನಮ್ಮ ಉರ್ದು ಭಾಷೆಯ ಹೆಸರು ಬಂದದ್ದು ಅದರಿಂದಲೇ.

ಆದರೆ ಈ ಬೀಡಿನಲ್ಲಿ ಸುಖವೆಷ್ಟು? 1688ರಲ್ಲಿ ವಿಜಯಪುರದಲ್ಲಿ ಪ್ಲೇಗು ಬಂದು ಅಸಂಖ್ಯಾತ ಜನ ಸತ್ತರು. ಔರಂಗಜೇಬನ ಮಡದಿ ಔರಂಗಾಬಾದಿ ಮಹಲಳೂ ಅದರಲ್ಲಿ ಹೋದಳು. ಸೆರೆಯಾಗಿದ್ದ ಸಿಕಂದರನು 1700ರಲ್ಲಿ ತೀರಿಕೊಂಡು, ವಿಜಯಪುರದಲ್ಲಿ ಸೂರಿಲ್ಲದ ಒಂದು ಆವರಣದಲ್ಲಿ ಮಣ್ಣಾದನು. ಅದೇ ವರ್ಷದ ಅಕ್ಟೋಬರ್ ಒಂದರ ರಾತ್ರಿ, ಭೀಮೆಯನ್ನು ಸೇರುವ ಮಾಣ ನದಿಯ ಒಣಗಿದ ಪಾತ್ರದಲ್ಲಿ, ಖವಾಸಪುರದ ಬಳಿ, ಬೀಡು ಮಲಗಿತ್ತು. ದೂರದ ಬೆಟ್ಟಗಳಲ್ಲಿ ಮಳೆಯಾಗಿ ನಡುರಾತ್ರಿ ನೆರೆ ನುಗ್ಗಿತು. ಗದ್ದಲ ಕೇಳಿ ಮರಾಠರೇ ಬಂದರೆಂದು ಎದ್ದೋಡಿದ ಬಾದಶಹನು ಎಡವಿ ಬಿದ್ದು ಮೊಣಕಾಲಿನ ಕೀಲು ತಪ್ಪಿಸಿಕೊಂಡನು. ಅಂದಿನಿಂದ ಸಾಯುವವರೆಗೂ ಕುಂಟಿದನು. ಕುಂಟನೆಂದೇ ಹೆಸರಾದ ಮೂಲಪುರುಷ ತೈಮೂರನ ಆಸ್ತಿ ಮೊಮ್ಮಗನಿಗೆ ಬಂದಿತೆಂದು ಆಸ್ಥಾನಿಕರು ಹೊಗಳಿದರಂತೆ. ಹೊಗಳುಭಟರಿಗೆ ಯಾವ ಕಾಲದಲ್ಲಿಯೂ ಮಾತಿಗೆ ಬರವಿಲ್ಲ.

ಈ ಕತೆ ಮುಗಿಯುವ ಹೊತ್ತಿಗೆ ಮಳೆ ಜೋರಾಗಿ ಕಾರು ನಿಂತಿತು. ಪಕ್ಕದ ಎರೆಯ ನೆಲಕ್ಕೆ ಒಂದು ಚಕ್ರ ಇಳಿದು ಹೂತಿತ್ತು. ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ರಸ್ತೆಯಿಂದ ಕೊಂಚ ದೂರದ ಹೊಲದಲ್ಲಿ ಕುರುಬರ ಬಿಡಾರವೊಂದಿತ್ತು. ನಾಲ್ಕು ಗಳುಗಳ ಮೇಲೆ ತಾಡಪತ್ರಿ, ಬಲೆ ಕಟ್ಟಿದ ಹಟ್ಟಿಯಲ್ಲಿ ಕುರಿಗಳು, ಸಾಮಾನು ಹೊರುವ ಎರಡು ತಟ್ಟು. ಹಿಂಗಾರಿ ಜೋಳ ಬಿತ್ತುವ ಮುಂಚೆ ಹೊಲದಲ್ಲಿ ಕುರಿ ತರುಬಿದರೆ ಗೊಬ್ಬರವಾಗುತ್ತದೆ. ಅದಕ್ಕೆ ಹೊಲದವನು ಕಾಳು ಕೊಡುತ್ತಾನೆ. ಪಡುವಣದ ಹೆಚ್ಚು ಮಳೆಯಲ್ಲಿ ಕುರಿಯ ಗೊರಸು ಕೊಳೆಯುತ್ತದೆಂದು ಈ ಒಣಸೀಮೆಗೆ ಬಂದವರು ಅವರು. ಗಂಡಸರು ಕಾರನ್ನು ತಳ್ಳಲು ಬಂದರು. ಮುದುಕಿಯೊಬ್ಬಳು ಕಂಬಳಿಯ ಕೊಪ್ಪೆಯಲ್ಲಿ ಬಂದು, "ಮಳ್ಯಾಗ ಯಾಕ ನಿಂತೀರಿ ಯಕ್ಕಾ, ಒಳಗ ಬರ್ರಿ" ಎಂದು ಕರೆದಳು. ಅಜ್ಜಿಗೆ ತನ್ನ ಕಂಬಳಿಯನ್ನೇ ಹೊದಿಸಿದಳು. ಹುಣಸೆಬೀಜದ ಸರಿ ಹಾಕಿ ಬಿಗಿಮಾಡಿದ ಕರಿಯ ಕಂಬಳಿ. ನೀರು ಅದರ ಮೇಲೆ ಜಾರಿ ಹೋಗುತ್ತಿತ್ತು.

ಮೂರು ಕಲ್ಲಿನ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಗೃಹಿಣಿ ಸುತ್ತಲೂ ನೋಡಿ ಕೇಳಿದರು: "ನಿಮಗೆ ಸ್ವಂತ ಮನೆ ಇಲ್ಲವೇ ಅಮ್ಮಾ?"

"ಐತಲ್ಲ ಯಕ್ಕಾ, ಊರಾಗ ಐತಿ. ಆರ್‌ಸಿಸಿ ಮನಿ. ಬೀಗ ಹಾಕೇವಿ. ಒಲಿ ಮಾತ್ರ ಇಲ್ಲೈತಿ."

"ಒಬ್ಬೊಬ್ಬರು ಅಲ್ಲೇ ಇರಬಹುದಲ್ಲ?"

"ಇದ್ದು ನೋಡೇನಿ. ಎರಡು ವರ್ಷ ನಾ ಒಬ್ಬಾಕೀನ ಮನಿ ಕಾದೆ. ಗ್ವಾಡಿ ಮಾತಾಡಂಗಿಲ್ಲ." ಮುದುಕಿ ಬೆಂಕಿಯನ್ನು ಮುಂದಕ್ಕೆ ತಳ್ಳಿದಳು. "ಆದ್ರ ಮೊಮ್ಮಗನ್ನ ಹಾಸ್ಟೆಲ್ಲಿಗೆ ಹಾಕೇವಿ. ಕುರಿ ಹಿಂದ ಸಾಲಿ ನಡೀಯಂಗಿಲ್ಲ. ಅಂವಾ ಬ್ಯಾರೆ ಅಳತಾನ, ನಾವು ಬ್ಯಾರೆ ಅಳತೇವಿ."

ಇದರಲ್ಲಿ ಯಾವ ತೀರ್ಪೂ ಇರಲಿಲ್ಲ. ಅಲೆಮಾರಿಯ ಬಾಳನ್ನು ದೂರದಿಂದ ನೋಡಿ ಸೊಗಸೆನ್ನುವವರಿಗೆ ಆ ಅಳುವ ಮಗು ಉತ್ತರ. ಗೋಡೆಗಳನ್ನೇ ಮನೆಯೆನ್ನುವವರಿಗೆ ಆ ಬೀಗ ಉತ್ತರ. ಈ ಸೀಮೆಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುತ್ತಿದೆ. ಬೀಳು ಹೊಲಗಳು ತೋಟಗಳಾಗುತ್ತಿವೆ. ಒಳ್ಳೆಯದೇ. ಆದರೆ ತೋಟದಲ್ಲಿ ಕುರಿ ತರುಬಲು ಎಡೆಯಿಲ್ಲ. ಮಂಗೋಲಿಯದ ಗೇರ್ ಕಟ್ಟುವ ಕುಶಲತೆಯನ್ನು ಯುನೆಸ್ಕೊ 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ತಾಡಪತ್ರಿಯ ಬಿಡಾರಕ್ಕೆ ಅಂಥ ಪಟ್ಟಿ ಇಲ್ಲ. ಮಳೆಯಲ್ಲಿ ಸಿಕ್ಕಿಕೊಂಡವರ ನೆನಪೇ ಅದಕ್ಕೆ ಪಟ್ಟಿ.

ಗಲಗಲಿಗೆ ಹೋಗಲಾಗಲಿಲ್ಲ. ಬಬಲೇಶ್ವರದಲ್ಲಿ ಸಂಜೆಯಾಯಿತು. ಅಲ್ಲಿಂದ ಸಾರವಾಡದ ಮೇಲೆ ಊರ ಕಡೆ ತಿರುಗಿದರು. ಡೋಣಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಚಾಲಕನ ಮುಖದಲ್ಲಿ ಹಬ್ಬದ ಕಳೆಯಿತ್ತು. ಹಿಂದಿನ ಆಸನದಲ್ಲಿ ಅಜ್ಜಿಯೂ ಮೊಮ್ಮಗನೂ ಒಬ್ಬರಿಗೊಬ್ಬರು ಒರಗಿ ನಿದ್ದೆಹೋಗಿದ್ದರು. 1707ರಲ್ಲಿ ಅಹಮದ್‌ನಗರದ ಬೀಡಿನಲ್ಲಿಯೇ ತೀರಿಕೊಂಡ ಔರಂಗಜೇಬನಿಗೆ ಖುಲ್ದಾಬಾದಿನಲ್ಲಿ ತೆರೆದ ಆಕಾಶದ ಕೆಳಗಿನ ಗೋರಿ ಒದಗಿತು. ಚಂಗೀಸಖಾನನ ಗೋರಿ ಎಲ್ಲಿದೆಯೆಂದು ಇಂದಿಗೂ ಯಾರಿಗೂ ತಿಳಿಯದು. ಮೋಡದ ಅಂಚಿನ ಬೆಳಕಿನಲ್ಲಿ ದೂರಕ್ಕೆ ಗೋಳಗುಮ್ಮಟ ಕಾಣಿಸಿತು. ಅದರ ಸೂರು ಮಾತ್ರ ಗಟ್ಟಿಯಾಗಿ ನಿಂತಿತ್ತು.

ಬಹಳ ಹೊತ್ತಿನ ಮೇಲೆ ಗೃಹಿಣಿ ಮಾತಾಡಿದರು: "ನೋಡಿ, ಆ ಹೊಸ ಊರಿನಲ್ಲಿ ಹುಡುಗನಿಗೆ ಒಳ್ಳೆಯ ಶಾಲೆ ಇದೆಯೇ, ನಾಳೆ ಬೆಳಗ್ಗೆಯೇ ವಿಚಾರಿಸಿ."

ಯಜಮಾನರು ತಿರುಗಿ ನೋಡಿದರು. "ನಿವೇಶನ?"

"ಅದೆಲ್ಲಿಗೆ ಹೋಗುತ್ತದೆ? ಕಲ್ಲು ತಾನೆ, ಕಾದಿರುತ್ತದೆ" ಎಂದು ಅವರು ಮಗನ ಕಾಲಿನ ಮೇಲಿನ ಒದ್ದೆ ಟವೆಲನ್ನು ತೆಗೆದು, ತಮ್ಮ ಸೆರಗನ್ನು ಹೊದಿಸಿದರು.